ತಮ್ಮದು ಯಾವ ಊರಾಯಿತು?

ಬಸ್ಸಿನಲ್ಲಿ ಪಕ್ಕದ ಆಸನದಲ್ಲಿ ಕುಳಿತವರನ್ನಾಗಲಿ, ಮದುವೆಯ ಮನೆಯ ಪಂಕ್ತಿಯಲ್ಲಿ ಎಡಬಲಕ್ಕೆ ಬಂದವರನ್ನಾಗಲಿ, 'ತಮ್ಮದು ಯಾವ ಊರಾಯಿತು?' ಎಂದು ವಿಚಾರಿಸದೆ ಮಾತಿಗೆ ತೊಡಗುವ ಅಭ್ಯಾಸ ನಮ್ಮ ಜನರಿಗೆ ಇಲ್ಲ. ಈ ಪ್ರಶ್ನೆಯಲ್ಲಿ ಕುತೂಹಲವೂ ಉಂಟು, ಸೌಜನ್ಯವೂ ಉಂಟು. ಕೇಳಿದವನು ಬಂದ ಉತ್ತರದಲ್ಲಿ ತನಗೆ ಪರಿಚಿತವಾದ ಒಂದು ಊರನ್ನೋ ಒಂದು ಬಳಗವನ್ನೋ ಹುಡುಕಿ ಹಿಡಿದು, ಅರ್ಧ ಗಳಿಗೆಯೊಳಗೆ ಅಪರಿಚಿತನನ್ನು ನೆಂಟನನ್ನಾಗಿ ಮಾಡಿಕೊಂಡುಬಿಡುತ್ತಾನೆ. ಆದರೆ ಅದೇ ಪ್ರಶ್ನೆಯನ್ನು ಒಬ್ಬ ಮನುಷ್ಯನಿಗೆ, ಅವನು ಹುಟ್ಟಿ ಬೆಳೆದ ತಾಲ್ಲೂಕಿನೊಳಗೇ, ಅವನ ಅಜ್ಜನಿಗೂ ಮುತ್ತಜ್ಜನಿಗೂ ಕೇಳಿದಂತೆಯೇ ಮತ್ತೆ ಮತ್ತೆ ಕೇಳುತ್ತಿದ್ದರೆ ಅದು ಸೌಜನ್ಯವಾಗಿ ಉಳಿಯಲಾರದು. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡ ತಾಲ್ಲೂಕುಗಳಲ್ಲಿ ಕೆಲವು ದಿನ ತಿರುಗಾಡಿ ಬಂದಂದಿನಿಂದ, ನೆರೆಗೆ ಬಂದವನು ಯಾವ ಕ್ಷಣದಲ್ಲಿ ಹೊಸಬನೆನಿಸುವುದನ್ನು ಬಿಟ್ಟು ಊರಿನವನಾಗುತ್ತಾನೆ ಎಂಬ ಸಂದೇಹ ನನ್ನನ್ನು ಬಿಡದೆ ಕಾಡುತ್ತಿದೆ.

ಉಳವಿಯಿಂದಲೇ ಆರಂಭಿಸುವುದು ಯುಕ್ತ. ಜೋಯಿಡಾ ತಾಲ್ಲೂಕಿನ ಈ ಕ್ಷೇತ್ರವು ಇಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಕರೆಯಲ್ಪಡುವ ಗಹನವಾದ ಅರಣ್ಯದ ನಡುವೆ ಇರುವುದಷ್ಟೆ? ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹವು ಬಿಜ್ಜಳನ ಕೋಪಕ್ಕೆ ಕಾರಣವಾಗಿ, ತಂದೆಯರಿಬ್ಬರೂ ಘೋರವಾದ ಶಿಕ್ಷೆಗೆ ಗುರಿಯಾಗಿ, ಕೊನೆಗೆ ಬಿಜ್ಜಳನೂ ಹತನಾದ ಆ ಹನ್ನೆರಡನೆಯ ಶತಮಾನದ ಕೋಲಾಹಲದಲ್ಲಿ, ಶರಣರ ಒಂದು ದೊಡ್ಡ ಸಮೂಹವು ಚನ್ನಬಸವಣ್ಣನ ನೇತೃತ್ವದಲ್ಲಿ, ಬೆನ್ನಟ್ಟಿ ಬಂದ ದಂಡಿನಿಂದ ತಪ್ಪಿಸಿಕೊಳ್ಳುತ್ತ, ವಚನಗಳ ಕಟ್ಟುಗಳನ್ನು ಹೊತ್ತು ಇಲ್ಲಿಯವರೆಗೆ ನಡೆದು ಬಂದಿತೆಂದು ಪರಂಪರೆಯು ಹೇಳುತ್ತದೆ. ಚನ್ನಬಸವಣ್ಣನು ಐಕ್ಯನಾದದ್ದೂ ಇಲ್ಲಿಯೇ. ಸುತ್ತಲಿನ ಗುಡ್ಡಗಳಲ್ಲಿ ಅಕ್ಕನಾಗಮ್ಮನ ಗವಿ, ಮಹಾಮನೆ ಗವಿ, ಆಕಳ ಗವಿ ಮುಂತಾದ ಸ್ಥಳಗಳನ್ನು ಯಾತ್ರಿಕರಿಗೆ ತೋರಿಸುತ್ತಾರೆ. ಹರಳಯ್ಯನ ಹೆಸರಿನ ಒಂದು ಚಿಲುಮೆಯೂ ಉಂಟು. ಕಲ್ಯಾಣದಲ್ಲಿಯೇ ಮಡಿದ ಹರಳಯ್ಯನಿಗೂ ಈ ಕಾಡಿನ ನೀರಿಗೂ ಏನು ಸಂಬಂಧವೆಂದು ಇತಿಹಾಸಜ್ಞರು ಹುಬ್ಬು ಗಂಟಿಕ್ಕಬಹುದು. ನನಗಾದರೋ ಅದರಲ್ಲಿ ಆಶ್ಚರ್ಯವೇನೂ ತೋರಲಿಲ್ಲ. ಮನೆ, ಹೊಲ, ದನಕರುಗಳನ್ನು ಬಿಟ್ಟು ಓಡಿದವರು ಹೊತ್ತು ತರಲು ಸಾಧ್ಯವಾಗುವ ಸಾಮಾನು ಬಹುಮಟ್ಟಿಗೆ ಹೆಸರುಗಳೇ ಆದುದರಿಂದ, ಹೊಸ ನೆಲದ ನೀರಿಗೂ ಕಲ್ಲಿಗೂ ಅವನ್ನೇ ಇಟ್ಟು ನೆಮ್ಮದಿ ಪಡೆಯುತ್ತಾರೆ. ಈ ಮಾತನ್ನು ಮುಂಡಗೋಡದಲ್ಲಿ ಇನ್ನೊಮ್ಮೆ ನೆನೆಯಬೇಕಾಗುವುದು.

ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿಗಳ ಕಡೆಯ ಒಕ್ಕಲಿಗರು ಈಗಲೂ ಚಕ್ಕಡಿ ಹೂಡಿಕೊಂಡು, ಎತ್ತುಗಳ ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಹಗಲಿರುಳು ಪ್ರಯಾಣ ಮಾಡಿ ಬರುತ್ತಾರೆ. ಜೋಳದ ನಾಡಿನ ಈ ಕನ್ನಡಿಗರು ಹೀಗೆ ಬಂದು ಬಿಡಾರ ಹೂಡುವುದು ಯಾರ ನೆಲದಲ್ಲಿ? ಮನೆಯಲ್ಲಿ ಕೊಂಕಣಿಯನ್ನಾಡುವ, ಗಡ್ಡೆಗೆಣಸುಗಳನ್ನು ಬೆಳೆಯುವುದರಲ್ಲಿ ಅಸಾಧಾರಣ ಪರಿಣತಿಯುಳ್ಳ ಕುಣಬಿಗಳ ನೆಲದಲ್ಲಿ. ದೇವರು ಕಲ್ಯಾಣದವನು, ಭಕ್ತರು ಬಯಲುಸೀಮೆಯವರು, ನೆರೆಯವರು ಕಾಡಿನವರು. ಮೂವರ ಆಹಾರ ಬೇರೆ, ಮಾತು ಬೇರೆ. ಜಾತ್ರೆಯ ವಾರದಲ್ಲಿ ನೀರಿನ ಸರದಿಗಾಗಿ, ಎತ್ತು ಕಟ್ಟುವ ನೆರಳಿಗಾಗಿ ಒಂದಷ್ಟು ಗಲಭೆ ಆಗುವುದೂ ಉಂಟು, ಮರುವರ್ಷ ಅದೇ ಚಕ್ಕಡಿ ಅದೇ ಮರದ ಕೆಳಗೆ ಬಂದು ನಿಲ್ಲುವುದೂ ಉಂಟು.

ಹೊಸಬತನವನ್ನು ವರ್ಷಗಳಿಂದ ಅಳೆಯಲಾಗದೆಂಬುದಕ್ಕೆ ಸಿದ್ದಿಗಳಿಗಿಂತ ಮಿಗಿಲಾದ ಸಾಕ್ಷಿ ಬೇಕಿಲ್ಲ. ಪೂರ್ವ ಆಫ್ರಿಕದ ತೀರದಿಂದ ಪೋರ್ಚುಗೀಸರು ಗುಲಾಮರನ್ನಾಗಿ ಹಡಗಿನಲ್ಲಿ ತುಂಬಿ ಗೋವೆಗೆ ತಂದ ಜನರ ಪೈಕಿ, ಒಡೆಯರ ಚಾವಟಿಗೆ ಬೇಸತ್ತವರು ಘಟ್ಟ ಹತ್ತಿ, ಯಾರೂ ಬೆನ್ನಟ್ಟಲಾರದಂಥ ಕಾಡಿನಲ್ಲಿ ತಲೆಮರೆಸಿಕೊಂಡು ಉಳಿದರು. ಹಳಿಯಾಳ, ಯಲ್ಲಾಪುರ, ಜೋಯಿಡಾ, ಮುಂಡಗೋಡಗಳ ಹಳ್ಳಿಗಳಲ್ಲಿ ಇಂದು ಇರುವವರು ಬಹುಮಟ್ಟಿಗೆ ಅವರ ಸಂತತಿ. ಇವರಲ್ಲಿ ಹಿಂದುಗಳೂ ಉಂಟು, ಮುಸಲ್ಮಾನರೂ ಉಂಟು, ಕ್ರೈಸ್ತರೂ ಉಂಟು. ಆದರೆ ಡಮಾಮಿಯ ಚರ್ಮಕ್ಕೆ ಕೈ ಬಿದ್ದಾಗ ಕುಣಿಯುವ ಕಾಲುಗಳಿಗೆ ಮತದ ಭೇದ ಅಷ್ಟಾಗಿ ನೆನಪಿಗೆ ಬರುವಂತೆ ಕಾಣುವುದಿಲ್ಲ. ಹಳೆಯ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಅಂಚಿನಿಂದ ಒಳಕ್ಕೆ ಸುತ್ತುತ್ತ ಓಡುಹೊಲಿಗೆ ಹಾಕುತ್ತ ಬರುವ ಸಿದ್ದಿ ಹೆಂಗಸರ ಕೌದಿಗಳು ಈಗ ವಿದೇಶಗಳ ಪ್ರದರ್ಶನಗಳಲ್ಲಿ ಗೋಡೆಗೆ ತೂಗುವ ಯೋಗ್ಯತೆಯನ್ನು ಪಡೆದಿವೆ. ಕೌದಿ ಹೊಲಿಯುವುದು ಉತ್ತರ ಕರ್ನಾಟಕದ ಎಲ್ಲ ಮನೆಗಳ ವಿದ್ಯೆ. ಯಾರಿಂದ ಯಾರು ಕಲಿತರೆಂದು ವಾದಿಸುವುದಕ್ಕಿಂತ, ಹರಿದ ಸೀರೆ, ಹಳೆಯ ಅಂಗಿಗಳನ್ನು ನಾಲ್ಕು ಮನೆಗಳಿಂದ ಬೇಡಿ ತಂದು ಹೊದಿಕೆ ಮಾಡುವ ಈ ಕೆಲಸದಲ್ಲಿಯೇ ನೆರೆಹೊರೆಯ ಅರ್ಧ ಇತಿಹಾಸ ಅಡಗಿದೆಯೆಂದು ತಿಳಿದರೆ ಸಾಕು.

ಇಷ್ಟು ಶತಮಾನ ಕಳೆದರೂ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಸಿದ್ದಿಯ ಯುವಕನೊಬ್ಬನು ಅಚ್ಚ ಕನ್ನಡದಲ್ಲಿ ಹಳಿಯಾಳದ ಟಿಕೀಟು ಕೇಳಿದರೆ, ಸುತ್ತ ನಿಂತವರು ಅವನ ಮಾತನ್ನು ಕೇಳಿ ಚಮತ್ಕಾರ ಕಂಡವರಂತೆ ಕಣ್ಣರಳಿಸುತ್ತಾರೆ. ಸರಕಾರದ ಕಣ್ಣೂ ಕೆಲವು ವೇಳೆ ಇದಕ್ಕಿಂತ ಭಿನ್ನವಾಗಿರಲಿಲ್ಲ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು, ಆಫ್ರಿಕದ ರಕ್ತವಾದುದರಿಂದ ಇವರು ಓಟದಲ್ಲಿ ಪದಕಗಳನ್ನು ತರಬಲ್ಲರೆಂದು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದು, ಕೆಲವೇ ವರ್ಷಗಳಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಮಕ್ಕಳು ಹಳ್ಳಿಗಳಿಗೆ ಮರಳಿದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಸೇರಿದ್ದು 2003ರಲ್ಲಿ. ಯಲ್ಲಾಪುರದ ಕಡೆಯ ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಆ ಸಮುದಾಯದವರೊಬ್ಬರು ಮೊದಲ ಸಲ ಶಾಸನಸಭೆಯ ಮೆಟ್ಟಿಲು ಹತ್ತಿದರು. ಓಡಿ ಬಂದವರ ಮೊಮ್ಮಕ್ಕಳ ಮೊಮ್ಮಕ್ಕಳು ಅಲ್ಲಿಗೆ ತಲುಪಲು ಹಿಡಿದ ಕಾಲವನ್ನು ವಾಚಕರೇ ಲೆಕ್ಕ ಹಾಕಲಿ.

ಇನ್ನು ಗೌಳಿಗರು, ಎಮ್ಮೆಗಳ ಹಿಂದೆ ಹುಲ್ಲು ನೀರುಗಳನ್ನು ಹುಡುಕುತ್ತ ಮಹಾರಾಷ್ಟ್ರದ ಸಹ್ಯಾದ್ರಿಯ ಕಡೆಯಿಂದ ಇಳಿದು ಬಂದವರು, ಊರಿನ ಅಂಚಿನಲ್ಲಿ ತಮ್ಮದೇ ವಾಡೆಗಳನ್ನು ಕಟ್ಟಿಕೊಂಡು, ಬೆಳಗಿನ ಜಾವಕ್ಕೆ ಹಾಲಿನ ಕ್ಯಾನುಗಳನ್ನು ಹೊತ್ತು ಪೇಟೆಗೆ ಬರುವುದರ ಮೂಲಕವೇ ಪೇಟೆಯವರಿಗೆ ಬೇಕಾದವರಾದರು. ದಾಂಡೇಲಿಯ ಕಥೆ ಇದಕ್ಕೆ ತೀರ ವಿಪರೀತ. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಗಿರಣಿಯು ಬಿದಿರನ್ನು ಕಾಡಿನಿಂದಲೂ, ಕೂಲಿಕಾರರನ್ನು ಭಾರತದ ನಾಲ್ಕು ದಿಕ್ಕುಗಳಿಂದಲೂ ಸೆಳೆದುಕೊಂಡಿತು. ಬಂಗೂರನಗರದ ವಸತಿಗಳಲ್ಲಿ ಮಲಯಾಳಿ, ತೆಲುಗ, ಮಾರವಾಡಿ, ಉತ್ತರ ಹಿಂದುಸ್ಥಾನದವರು ಒಂದೇ ಭೋಂಗಾದ ಧ್ವನಿಗೆ ಏಳುವವರಾದರು. ಎಲ್ಲರೂ ಹೊಸಬರಾಗಿರುವ ಊರಿನಲ್ಲಿ ಹೊಸಬರೆಂಬ ಪ್ರಶ್ನೆಯೇ ಹುಟ್ಟದಿರುವುದರಿಂದ ಅಲ್ಲಿ ಹೆಚ್ಚು ಹೊತ್ತು ನಿಲ್ಲುವ ಕಾರಣವಿಲ್ಲ.

ಆದರೆ ಅಲ್ಲಿಂದ ಅನತಿದೂರದ ಸೂಪಾದ ವಿಷಯದಲ್ಲಿ ಹಾಗೆ ಮುಂದೆ ಸಾಗುವುದು ನ್ಯಾಯವಲ್ಲ. ಕಾಳೀ ನದಿಗೆ ಅಡ್ಡಲಾಗಿ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು, 1987ರ ಹೊತ್ತಿಗೆ ಅದು ಪೂರ್ಣಗೊಂಡಾಗ, ತಾಲ್ಲೂಕಿನ ಕೇಂದ್ರವಾಗಿದ್ದ ಸೂಪಾ ಪೇಟೆಯು ತನ್ನ ಗುಡಿ, ಅಂಗಡಿ, ಕಚೇರಿಗಳೊಡನೆ ನೀರಿನ ಕೆಳಗೆ ಹೋಯಿತು. ಸೂಪಾ ತಾಲ್ಲೂಕೆಂಬ ಹೆಸರು ಹೋಗಿ ಜೋಯಿಡಾ ಎಂಬುದು ಬಂದಿತು. ಮುಳುಗಿದ ಹಳ್ಳಿಗಳವರಲ್ಲಿ ಬಹಳ ಜನ ರಾಮನಗರದ ಪುನರ್ವಸತಿಯ ಬಡಾವಣೆಗಳಿಗೆ ಬಂದು ಬಿದ್ದರು. ಇವರು ಗಡಿ ದಾಟಿ ಬಂದವರಲ್ಲ, ಸಮುದ್ರ ದಾಟಿ ಬಂದವರಂತೂ ಅಲ್ಲ; ಬಂದ ದೂರ ಚಕ್ಕಡಿಯ ಒಂದೆರಡು ದಿನದ ಹಾದಿ. ಆದರೂ ಗದ್ದೆಯ ಕೆಸರಿನಲ್ಲಿ ಬೆಳೆದವನು ಅಳತೆಯ ನಿವೇಶನದಲ್ಲಿ, ಹೊಳೆಯ ನೀರು ಕುಡಿದವನು ನಳದ ಸರದಿಯಲ್ಲಿ ನಿಂತಾಗ, ಪಕ್ಕದ ಊರೂ ಪರದೇಶವೇ. ದೂರದಿಂದ ಬಂದವನಿಗೆ ಮರುಕ ತೋರುವುದು ಸುಲಭವಾಗಿ, ಹತ್ತಿರದಿಂದ ಬಂದವನಿಗೆ 'ಪರಿಹಾರ ತಗೊಂಡಾರಲ್ಲ, ಇನ್ನೇನ ಬೇಕ?' ಎಂದು ಮುಖ ತಿರುಗಿಸುವುದು ಲೋಕದಲ್ಲಿ ಎಲ್ಲೆಲ್ಲಿಯೂ ಕಾಣುವ ವಿಚಿತ್ರವಾದರೂ, ಈ ತಾಲ್ಲೂಕುಗಳಲ್ಲಿ ಎರಡೂ ಒಂದೇ ದಿನದ ಪ್ರಯಾಣದಲ್ಲಿ ಕಣ್ಣಿಗೆ ಬೀಳುತ್ತವೆ.

ಮುಂಡಗೋಡಕ್ಕೆ ಬರುತ್ತೇನೆ. 1959ರ ಮಾರ್ಚಿನಲ್ಲಿ ದಲಾಯಿ ಲಾಮಾ ಅವರು ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರು. ಅವರನ್ನನುಸರಿಸಿ ಸುಮಾರು 80,000 ಮಂದಿ ಟಿಬೇಟಿಗರು ಹಿಮಾಲಯವನ್ನು ದಾಟಿದರು. ಮೊದಲು ಅವರಲ್ಲಿ ಸಹಸ್ರಾರು ಜನ ಹಿಮಾಲಯದ ತಪ್ಪಲಿನ ರಸ್ತೆಗಳಲ್ಲಿ ಕಲ್ಲು ಒಡೆದರು. ನೆಹರೂ ಅವರು ಭೂಮಿಗಾಗಿ ರಾಜ್ಯಗಳನ್ನು ಕೇಳಿಕೊಂಡಾಗ ಅತ್ಯಂತ ಉದಾರವಾಗಿ ಕೈ ಚಾಚಿದ್ದು ನಮ್ಮ ಆಗಿನ ಮೈಸೂರು ರಾಜ್ಯ. ಬೈಲುಕುಪ್ಪೆಯಲ್ಲಿ 1960ರಲ್ಲಿ ಮೊದಲನೆಯ ವಸಾಹತು ಆರಂಭವಾಯಿತು. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, 1966ರಲ್ಲಿ, ಮುಂಡಗೋಡದ ಬಳಿ ಸುಮಾರು 4,000 ಎಕರೆಯಲ್ಲಿ ದೋಗುಲಿಂಗ್ ಎಂಬ ಎರಡನೆಯ ವಸಾಹತು ಏರ್ಪಟ್ಟಿತು. ಹಿಂದೆ ಹೇಳಿದ ಹೆಸರುಗಳ ಮಾತು ಇಲ್ಲಿಗೆ ಸಲ್ಲುತ್ತದೆ. ಆದರೆ ಊರಿನವರ ನಾಲಗೆಗೆ ಆ ಹೆಸರು ಹತ್ತಲಿಲ್ಲ. ಅವರಿಗೆ ಅದು 'ಟಿಬೇಟಿಯನ್ ಕ್ಯಾಂಪು', ಒಂದನೇ ನಂಬರು, ಮೂರನೇ ನಂಬರು, ಲಾಮಾ ಕ್ಯಾಂಪು. ಆರು ದಶಕಗಳಾದರೂ 'ಕ್ಯಾಂಪು' ಎಂಬ ತಾತ್ಕಾಲಿಕತೆಯ ಶಬ್ದ ಹೋಗಿಲ್ಲ. ಟಿಬೇಟಿಗರೂ ಅದನ್ನೇ ಬಳಸುತ್ತಾರೆ, ಏಕೆಂದರೆ ಹಿಂದಿರುಗುವ ಆಸೆಯನ್ನು ಬಿಡದವರಿಗೆ ಊರು ಎಂದುಬಿಡುವುದು ಸುಲಭವಲ್ಲ.

ಆರಂಭದ ವರ್ಷಗಳ ಕಷ್ಟವನ್ನು ವರ್ಣಿಸಲು ಅತಿಶಯೋಕ್ತಿ ಬೇಕಾಗಿಲ್ಲ. ಶುಷ್ಕವಾದ ಚಳಿಯ ಪ್ರಸ್ಥಭೂಮಿಯಲ್ಲಿ ಯಾಕ್ ಮೇಯಿಸಿಕೊಂಡು, ಬಾರ್ಲಿ ಬೆಳೆದುಕೊಂಡಿದ್ದ ಜನ ಮಲೆನಾಡಿನ ಜಡಿಮಳೆಯಲ್ಲಿ ಡೇರೆಗಳೊಳಗೆ ಕುಳಿತರು. ಬಿದಿರು ಮೆಳೆಗಳನ್ನು ಕಡಿದು ಹೊಲ ಮಾಡಿದರು. ರಾತ್ರಿ ಆನೆ ಬಂದು ಹಗಲಿನ ದುಡಿಮೆಯನ್ನು ತುಳಿದು ಹೋಯಿತು. ಕ್ಷಯರೋಗ ಹಲವರನ್ನು ಒಯ್ದಿತು. ಗೋವಿನಜೋಳವನ್ನು ಬಿತ್ತುವುದು ಹೇಗೆ, ಭತ್ತಕ್ಕೆ ನೀರು ನಿಲ್ಲಿಸುವುದು ಯಾವಾಗ, ಯಾವ ಹಾವಿಗೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದನ್ನು ಸರಕಾರದ ಅಧಿಕಾರಿಗಳ ಕಾಗದಗಳು ಎಷ್ಟು ಕಲಿಸಿದುವೋ ತಿಳಿಯದು. ಹತ್ತಿರದ ಹಳ್ಳಿಗಳಿಂದ ಕೂಲಿಗೆ ಬಂದ ರೈತರೂ ಲಂಬಾಣಿಗರೂ ಗೌಳಿಗರೂ ಕಲಿಸಿದ್ದು ಮಾತ್ರ ನಿಶ್ಚಯ. ಇಲ್ಲಿಯ ಸಂಬಂಧದ ಮೊದಲನೆಯ ಪಾಠದಲ್ಲಿ ಬಂದವನು ಒಡೆಯ, ಇದ್ದವನು ಗುರು ಮತ್ತು ಕೂಲಿಯವನು. ಈ ವಕ್ರತೆ ಇಂದಿಗೂ ಪೂರ್ತಿ ನೇರ್ಪಟ್ಟಿಲ್ಲ.

ಕೆಲವು ವರ್ಷಗಳ ಮೇಲೆ ಭಿಕ್ಷುಗಳು ಬಂದರು. ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಬಂದೀಖಾನೆಯಲ್ಲಿ ದಶವರ್ಷ ಕಾಲ ಅಧ್ಯಯನವನ್ನು ಬಿಡದೆ ಕಳೆದ ಈ ವಿರಕ್ತರು, ಲ್ಹಾಸಾದ ಬಳಿ 1409ರಲ್ಲಿ ಸ್ಥಾಪಿತವಾಗಿದ್ದ ಗಾಂದೆನ್, 1416ರ ದ್ರೆಪುಂಗ್ ಎಂಬ ಮಹಾವಿಹಾರಗಳ ಹೆಸರುಗಳನ್ನು ಹೊತ್ತು ತಂದು ಮುಂಡಗೋಡದ ಕೆಂಪು ಮಣ್ಣಿನಲ್ಲಿ ಊರಿದರು. ಹರಳಯ್ಯನ ಚಿಲುಮೆಯಂತೆಯೇ. ಮೊದಲು ಅವರೂ ಹಗಲು ಹೊಲ ಉತ್ತು ಸಂಜೆ ಶಾಸ್ತ್ರ ಓದಿದವರು. ಇಂದು ಆ ವಿಹಾರಗಳಲ್ಲಿ ಸಹಸ್ರಾರು ಭಿಕ್ಷುಗಳಿದ್ದಾರೆ. ಸಾಯಂಕಾಲ ಅಂಗಳದಲ್ಲಿ ನಡೆಯುವ ಶಾಸ್ತ್ರಾರ್ಥವನ್ನು ನೋಡಬೇಕು: ಒಬ್ಬನು ನೆಲದ ಮೇಲೆ ಕುಳಿತಿದ್ದಾನೆ, ಇನ್ನೊಬ್ಬನು ಎದುರು ನಿಂತು, ಎಡಗೈಯನ್ನು ಮುಂದೆ ಚಾಚಿ, ಬಲಗೈಯನ್ನು ತಲೆಯ ಮೇಲಿಂದ ಬೀಸಿ ತಂದು ಚಟ್ಟನೆ ತಟ್ಟಿ, ಅದೇ ಲಯಕ್ಕೆ ಕಾಲನ್ನು ನೆಲಕ್ಕಪ್ಪಳಿಸಿ ಪ್ರಶ್ನೆ ಎಸೆಯುತ್ತಾನೆ. ನೂರಾರು ಜೋಡಿಗಳ ಚಪ್ಪಾಳೆ ಒಟ್ಟಿಗೆ ಕೇಳಿದಾಗ ಹಂಚಿನ ಮೇಲೆ ಆಲಿಕಲ್ಲು ಬಿದ್ದಂತಾಗುತ್ತದೆ. ವಾದದ ವಿಷಯವೋ ನಾಗಾರ್ಜುನ, ಧರ್ಮಕೀರ್ತಿಗಳದು. ನಮ್ಮ ದೇಶದಲ್ಲಿ ಹುಟ್ಟಿ, ನಾವು ಮರೆತು, ಅವರು ತಮ್ಮ ಭಾಷೆಯಲ್ಲಿ ಕಾದಿಟ್ಟುಕೊಂಡ ಸಾಮಗ್ರಿ. ಪಕ್ಕದ ಶಿರಸಿ ತಾಲ್ಲೂಕಿನ ಬನವಾಸಿಗೆ ಅಶೋಕನ ಕಾಲದಲ್ಲಿ ರಕ್ಷಿತನೆಂಬ ಥೇರನು ಧರ್ಮಪ್ರಸಾರಕ್ಕಾಗಿ ಬಂದನೆಂದು ಸಿಂಹಳದ ಮಹಾವಂಶವು ಹೇಳುವುದನ್ನು ನೆನೆದರೆ, ಬಂದವರಾರು ಮರಳಿದವರಾರು ಎಂಬ ಗಣನೆ ಇನ್ನಷ್ಟು ಗೋಜಲಾಗುತ್ತದೆ. 2016ರ ದಿಸೆಂಬರಿನಲ್ಲಿ ಇಪ್ಪತ್ತು ಮಂದಿ ಭಿಕ್ಷುಣಿಯರು ಗೆಶೆಮಾ ಎಂಬ ಅತ್ಯುಚ್ಚ ಪದವಿಯನ್ನು, ಟಿಬೇಟಿ ಇತಿಹಾಸದಲ್ಲಿಯೇ ಪ್ರಥಮ ಬಾರಿಗೆ ಇಂಥ ಸಮೂಹವಾಗಿ, ದಲಾಯಿ ಲಾಮಾ ಅವರ ಸಮ್ಮುಖದಲ್ಲಿ ಪಡೆದದ್ದು ಈ ಮುಂಡಗೋಡದಲ್ಲಿ.

ಇಂಥ ದೊಡ್ಡ ಸಂಗತಿಗಳಿಂದ ನೆರೆಹೊರೆ ಕೂಡಿಬರುವುದೆಂದು ಮಾತ್ರ ನಾನು ನಂಬುವುದಿಲ್ಲ. ಮುಂಡಗೋಡದ ಸಂತೆಯಲ್ಲಿ, ಬಣ್ಣದ ಪಟ್ಟೆಗಳ ಮುಂಗವಸನ್ನು ಕಟ್ಟಿಕೊಂಡ, ಮುಖದಲ್ಲಿ ಸುಕ್ಕುಗಳಿಗೆ ಎಡೆ ಸಾಲದ ಒಬ್ಬ ಅಜ್ಜಿಯು ಕೊತ್ತಂಬರಿ ಮಾರುವ ಹೆಂಗಸಿನ ಮುಂದೆ ಜಪಚಕ್ರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಗ್ಗಿದುದನ್ನು ಕಂಡು ನಾನು ಕಿವಿಗೊಟ್ಟು ನಿಂತೆ.

"ಸೂಡು ಹೆಂಗ?"

"ಹತ್ತಕ್ಕ ಎರಡ, ಅಮ್ಮಾ."

"ಎರಡ ಅಲ್ಲ. ಸುಮ್!"

ಟಿಬೇಟಿ ಭಾಷೆಯಲ್ಲಿ ಸುಮ್ ಎಂದರೆ ಮೂರು. ಮಾರುವವಳಿಗೆ ಅದು ಗೊತ್ತಿಲ್ಲದೆ ಇಲ್ಲ. ಅವಳು ಸೊಂಟದ ಮೇಲೆ ಕೈಯಿಟ್ಟು, ಪಕ್ಕದ ಅಂಗಡಿಯವಳಿಗೆ ಕೇಳುವಂತೆ, "ನೋಡ್ರೆವಾ, ಸುಮ್ ಸುಮ್ ಅಂತ ಸುಮ್ಮನ ಒಯ್ಯಾಕ ಬಂದಾಳ ಕ್ಯಾಂಪಿನ ಮುದುಕಿ!" ಎಂದಳು. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕು, ತಾನೇ ಮೂರನೆಯ ಸೂಡನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು, ಹತ್ತರ ನಾಣ್ಯವನ್ನು ತಕ್ಕಡಿಯ ತಟ್ಟೆಯಲ್ಲಿಟ್ಟು ಹೋದಳು. ಈ ವಿನೋದ ಆ ದಿನ ಹುಟ್ಟಿದ್ದಲ್ಲವೆಂಬುದು ಇಬ್ಬರ ಮುಖದಿಂದಲೇ ತಿಳಿಯುತ್ತಿತ್ತು. ಎಷ್ಟೋ ವಾರಗಳಿಂದ ಅದೇ ಮಾತು, ಅದೇ ಗೊಣಗಾಟ, ಅದೇ ಮೂರನೆಯ ಸೂಡು ನಡೆದುಕೊಂಡು ಬಂದಿರಬೇಕು.

ಅಡಿಗೆಯಲ್ಲಿಯೂ ಹೀಗೆಯೇ. ಉಪ್ಪು ಬೆಣ್ಣೆ ಹಾಕಿ ಕಡೆದ ಟಿಬೇಟಿ ಚಹಾ ನಮ್ಮವರ ಗಂಟಲಿನಲ್ಲಿ ಸುಲಭವಾಗಿ ಇಳಿಯುವುದಿಲ್ಲ. ಸಕ್ಕರೆ ಸುರಿದ ನಮ್ಮ ಚಹಾ ಅವರ ಅಜ್ಜಂದಿರಿಗೆ ಔಷಧವೆನಿಸಿತ್ತಂತೆ. ಆದರೆ ಅವರ ತ್ಸಾಂಪಾ ನಮ್ಮ ಹುರಿಹಿಟ್ಟಿನ ಖಾಸಾ ಸೋದರ. ಲೋಸಾರ್ ಎಂಬ ಅವರ ವರ್ಷಾರಂಭದ ಹಬ್ಬಕ್ಕೆ ಎಣ್ಣೆಯಲ್ಲಿ ಕರಿದು ರಾಶಿ ಹಾಕುವ ಖಾಪ್ಸೆಯನ್ನು ಧಾರವಾಡದ ಯಾವ ಮನೆಯವರ ಕೈಗಿತ್ತರೂ ಶಂಕರಪಾಳಿಯ ದಾಯಾದಿಯೆಂದು ಗುರುತಿಸಿಯಾರು. ಮೊಮೊ ಮಾತ್ರ ಯಾರ ಅಪ್ಪಣೆಗೂ ಕಾಯದೆ ಹುಬ್ಬಳ್ಳಿಯ ಬೀದಿಯವರೆಗೆ ನಡೆದುಹೋಗಿದೆ. ಚಳಿಗಾಲ ಬಂದಾಗ ಕ್ಯಾಂಪಿನ ಗಂಡಸರೂ ಹೆಂಗಸರೂ ಲುಧಿಯಾನದ ಉಣ್ಣೆಯ ಸ್ವೆಟರುಗಳನ್ನು ಹೊತ್ತು ನಾನಾ ನಗರಗಳಲ್ಲಿ ಸಾಲು ಅಂಗಡಿ ಹಾಕುತ್ತಾರೆ. ಆ ತಿಂಗಳುಗಳಲ್ಲಿ ಹೊಲದ ಕಟಾವೂ, ದನಗಳ ಮೇವೂ, ಮನೆಯ ಕಾವಲೂ ಎಷ್ಟೋ ಕಡೆ ಸುತ್ತಲ ಹಳ್ಳಿಯವರ ಮೇಲೆ ಬೀಳುತ್ತವೆ. ಪರಸ್ಪರ ವಿಶ್ವಾಸವೆಂಬುದು ಸಭೆಗಳ ಭಾಷಣದಲ್ಲಿ ಹುಟ್ಟದೆ, ಹೀಗೆ ಎಮ್ಮೆಗೆ ಹುಲ್ಲು ಹಾಕುವ ಜವಾಬ್ದಾರಿಯಲ್ಲಿ ಹುಟ್ಟುವುದೆಂದು ನನ್ನ ಅಭಿಪ್ರಾಯ.

ಅಸಮಾಧಾನ ಇಲ್ಲವೆ? ಉಂಟು; ಮುಚ್ಚಿಟ್ಟು ಬರೆದರೆ ಲೇಖನ ಜಾಹೀರಾತಾಗುವುದು. ಉತ್ತರ ಕನ್ನಡ ಜಿಲ್ಲೆಯ ನೂರಕ್ಕೆ ಎಂಬತ್ತರಷ್ಟು ಭಾಗ ಅರಣ್ಯ. ಕಾಡಿನಂಚಿನಲ್ಲಿ ಎರಡು ಮೂರು ತಲೆಮಾರುಗಳಿಂದ ತುಂಡು ಗದ್ದೆ ಮಾಡಿಕೊಂಡ ಬಡವನು ಸರಕಾರದ ಕಡತದಲ್ಲಿ 'ಅತಿಕ್ರಮಣದಾರ'. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದವನು ಪಟ್ಟಾ ಬೇಡಬೇಕಾದರೆ 2005ರ ದಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿ ವಾಸವಾಗಿದ್ದುದನ್ನು ರುಜುವಾತು ಮಾಡಬೇಕು. ಅಜ್ಜನ ಕಾಲದ ಕಾಗದ ಕಾಡಿನಲ್ಲಿ ಬದುಕಿದವನ ಬಳಿ ಎಲ್ಲಿಂದ ಬರಬೇಕು? ಹೀಗಿರುವಾಗ ಬೇಲಿಯ ಆಚೆ, ನಿನ್ನೆ ಮೊನ್ನೆ ಬಂದವರ ಹೊಲಕ್ಕೆ ಸರಕಾರವೇ ಗುತ್ತಿಗೆಯ ಪತ್ರ ಬರೆದುಕೊಟ್ಟಿರುವುದನ್ನು ನೋಡಿ ಅವನ ಹೊಟ್ಟೆಯಲ್ಲಿ ಉರಿ ಬೀಳದಿದ್ದರೆ ಅದೇ ಆಶ್ಚರ್ಯ. ಅವನ ದೂರು ಟಿಬೇಟಿಗನ ಮುಖದ ಮೇಲೋ ಧರ್ಮದ ಮೇಲೋ ಇಲ್ಲ. ತನ್ನ ಅರ್ಜಿಯನ್ನು ತಿರಸ್ಕರಿಸಿದ ಕಚೇರಿಯ ಮೇಲೆ ಇದೆ. ಆದರೆ ಕಚೇರಿಯು ಜಿಲ್ಲಾಕೇಂದ್ರದಲ್ಲಿರುತ್ತದೆ, ಟಿಬೇಟಿಗನು ಬೇಲಿಯ ಆಚೆಗೇ ಇರುತ್ತಾನೆ. ಸಿಟ್ಟು ಸಹಜವಾಗಿ ಹತ್ತಿರದ ದಾರಿಯನ್ನು ಹಿಡಿಯುತ್ತದೆ.

ಇತ್ತ ಟಿಬೇಟಿಗನ ಕಾಗದವನ್ನು ನೋಡಿದರೆ ಅದೂ ಅಷ್ಟೇನೂ ಭದ್ರವಾದುದಲ್ಲ. ಭೂಮಿ ಅವನ ಸ್ವಂತದ್ದಾಗದು, ಗುತ್ತಿಗೆಯದು. ಕೇಂದ್ರ ಸರಕಾರವು 2014ರಲ್ಲಿ ಹೊರಡಿಸಿದ ಟಿಬೇಟಿ ಪುನರ್ವಸತಿ ನೀತಿಯು ಗುತ್ತಿಗೆಯ ಅವಧಿಯನ್ನು ಇಪ್ಪತ್ತು ವರ್ಷಕ್ಕೆ ನಿಗದಿಗೊಳಿಸಿತು. ಅವನ ಅಸ್ತಿತ್ವಕ್ಕೆ ಆಧಾರ, ಎಲ್ಲರೂ 'ಆರ್‌ಸಿ' ಎಂದು ಕರೆಯುವ ನೋಂದಣಿ ಪತ್ರ. ಅದನ್ನು ಕಾಲಕಾಲಕ್ಕೆ ನವೀಕರಿಸದಿದ್ದರೆ ಅವನು ತಾನು ಹುಟ್ಟಿದ ಊರಿನಲ್ಲಿಯೇ ಅಕ್ರಮ ವಾಸಿ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಈ ದೇಶದ ಪೌರರೆಂಬ ನಿಯಮ ಟಿಬೇಟಿಗರಿಗೂ ಅನ್ವಯಿಸುವುದೆಂದು 2010ರಲ್ಲಿ ದಿಲ್ಲಿಯ, 2013ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯಗಳು ಎತ್ತಿಹಿಡಿದುವು. 2014ರಲ್ಲಿ ಚುನಾವಣಾ ಆಯೋಗವು ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಆದರೂ ಹಲವರು ಆ ಹಕ್ಕನ್ನು ಬೇಡಲು ಹೋಗಿಲ್ಲ. ಪೌರತ್ವ ಪಡೆದರೆ ವಸಾಹತಿನ ಸೌಲಭ್ಯಗಳು ತಪ್ಪಿಯಾವೆಂಬ ಭಯ ಕೆಲವರಿಗೆ. ಪಡೆದ ದಿನವೇ ಟಿಬೇಟಿನ ಮೇಲಿನ ಬಾಧ್ಯತೆಯನ್ನು ಬಿಟ್ಟುಕೊಟ್ಟಂತಾಗುವುದೆಂಬ ಸಂಕೋಚ ಇನ್ನು ಕೆಲವರಿಗೆ. ಬೇಲಿಯ ಈಚೆ ಒಬ್ಬನಿಗೆ ನೆಲ ಉಂಟು, ಪತ್ರವಿಲ್ಲ. ಆಚೆ ಒಬ್ಬನಿಗೆ ಪತ್ರ ಉಂಟು, ದೇಶವಿಲ್ಲ. ಇಬ್ಬರೂ ಒಂದೇ ತಹಶೀಲ್ದಾರರ ಕಚೇರಿಯ ಮರದ ಬೆಂಚಿನ ಮೇಲೆ ಕಾಯುತ್ತಾರೆ.

ಈಗೀಗ ಇನ್ನೊಂದು ಪರಿವರ್ತನೆ ಕಾಣತೊಡಗಿದೆ. ಕ್ಯಾಂಪಿನ ತರುಣರು ಅಮೆರಿಕ, ಕೆನಡಾ, ಯುರೋಪುಗಳ ದಾರಿ ಹಿಡಿದಿದ್ದಾರೆ. ಗಡಿಯ ಆಚೆಯಿಂದ ಹೊಸದಾಗಿ ಬರುವವರ ಸಂಖ್ಯೆ ಬಹಳ ಇಳಿದುಹೋಗಿದೆ. ಸಾಲುಮನೆಗಳಲ್ಲಿ ಬೀಗ ಹಾಕಿದ ಬಾಗಿಲುಗಳು ಹೆಚ್ಚುತ್ತಿವೆ. ಅಂಗಳದ ಪ್ರಾರ್ಥನಾ ಪತಾಕೆಗಳು ಬಿಸಿಲಿಗೆ ಬಣ್ಣ ಕಳೆದುಕೊಂಡು, ಬದಲಿಸುವ ಕೈಗಳಿಲ್ಲದೆ ಜೋತಿವೆ. ಹೊಲಗಳನ್ನು ಹತ್ತಿರದ ಹಳ್ಳಿಯವರು ಪಾಲಿಗೆ ಮಾಡುತ್ತಾರೆ. ನೆರೆಗೆ ಬಂದವರೊಡನೆ ಹೊಂದಿಕೊಳ್ಳುವುದು ಹೇಗೆಂದು ಅರುವತ್ತು ವರ್ಷ ಕಲಿತ ಊರಿಗೆ, ಹೋಗುತ್ತಿರುವ ನೆರೆಯವರೊಡನೆ ಹೇಗೆಂದು ಕಲಿಯುವ ಸರದಿ ಬಂದಿದೆ. ಪೇಟೆಯ ಕಿರಾಣಿ ಅಂಗಡಿಯ ಯಜಮಾನರೊಬ್ಬರು, "ಲಾಮಾಗಳು ಇರೂತನಕ ನಮ್ಮ ಅಂಗಡಿ ಐತ್ರಿ, ಅವರೂ ಹೋದ್ರಂದ್ರ ನಾವೂ ಎದ್ದ ಹೋಗೂದ" ಎಂದು ತಕ್ಕಡಿಯ ಸರಪಣಿಯನ್ನು ಬಿಡಿಸುತ್ತ ಹೇಳಿದರು.

ಹೊರಡುವ ದಿನ ಕ್ಯಾಂಪಿನ ಒಂದು ಚಹಾದ ಅಂಗಡಿಯ ಮುಂದೆ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದೆ. ಜಪಮಣಿ ಎಣಿಸುತ್ತಿದ್ದ ಒಬ್ಬ ವೃದ್ಧರು ಬೆಂಚಿನಲ್ಲಿ ಸ್ವಲ್ಪ ಸರಿದು ಎಡೆಮಾಡಿಕೊಟ್ಟರು. ಬಾಲಕನಾಗಿದ್ದಾಗ ತಂದೆಯ ಬೆನ್ನಿನ ಮೇಲೆ ಹಿಮದ ಕಣಿವೆಯನ್ನು ದಾಟಿ ಬಂದವರೆಂದು ಅಂಗಡಿಯವನು ಆಗಲೇ ನನ್ನ ಕಿವಿಯಲ್ಲಿ ಹೇಳಿದ್ದನು. ಅಂಗಡಿಯವನೊಡನೆ ನಾನಾಡುತ್ತಿದ್ದ ಮಾತನ್ನು ಅವರು ಬಹಳ ಹೊತ್ತು ಆಲಿಸಿ, ಮಣಿಯ ಮೇಲೆ ಬೆರಳು ನಿಲ್ಲಿಸಿ ಕೇಳಿದರು:

"ಯಾವೂರ್ರೀ ನಿಮ್ಮದು?"

"ಮೈಸೂರಿನ ಕಡೆ," ಎಂದೆ.

"ಅದಕ್ಕ ಮತ್ತ. ನಿಮ್ಮ ಕನ್ನಡ ಬ್ಯಾರೆ ಐತಿ," ಎಂದರು ಅವರು, ಮತ್ತೆ ಮಣಿ ಸರಿಸುತ್ತ, ನನ್ನನ್ನು ಮೇಲಿಂದ ಕೆಳಗೆ ಮರುಕದಿಂದ ನೋಡಿ, "ಭಾಳ ದೂರಿಂದ ಬಂದೀರಿ ನೀವು."